ಮಾರಾಟಕ್ಕೆ ಒಪ್ಪದ ಸೆಂಟರ್ ಫೀಲ್ಡರ್

ಬೇಸ್‌ಬಾಲ್ ಮೈದಾನದಲ್ಲಿ ಬ್ಯಾಟ್ ಹಿಡಿದವನಿಂದ ಅತಿ ದೂರ ನಿಲ್ಲುವವರು ಮೂವರು. ಎಡಕ್ಕೊಬ್ಬ, ಬಲಕ್ಕೊಬ್ಬ, ನಟ್ಟನಡುವೆ ಇನ್ನೊಬ್ಬ. ಇವರೇ ಔಟ್‌ಫೀಲ್ಡರ್‌ಗಳು. ನಡುವೆ ನಿಲ್ಲುವ ಸೆಂಟರ್ ಫೀಲ್ಡರ್ ಕಾಯಬೇಕಾದ ಜಾಗ ಎಲ್ಲರಿಗಿಂತ ದೊಡ್ಡದು. ಅವನ ಬೆನ್ನ ಹಿಂದಿನ ಗೋಡೆ ಬ್ಯಾಟರ್‌ನಿಂದ ಸುಮಾರು 400 ಅಡಿ ಆಚೆ ಇರುತ್ತದೆ. ಕ್ರಿಕೆಟ್‌ನಲ್ಲಿ ಲಾಂಗ್ ಆನ್, ಲಾಂಗ್ ಆಫ್ ಎರಡನ್ನೂ ಒಬ್ಬನೇ ನೋಡಿಕೊಳ್ಳಬೇಕಾಗಿ ಬಂದರೆ ಹೇಗೋ ಹಾಗೆ. ಸ್ಟ್ಯಾಂಡ್‌ನಲ್ಲಿ ಕುಳಿತವರಿಗೆ ಇದು ಬಿಡುವಿನ ಕೆಲಸದಂತೆ ಕಾಣುತ್ತದೆ. ಆದರೆ ಚೆಂಡು ಬ್ಯಾಟಿಗೆ ತಗುಲಿದ ಸದ್ದು ಕೇಳುವಷ್ಟರಲ್ಲೇ ಮೊದಲ ಹೆಜ್ಜೆ ಯಾವ ಕಡೆಗೆಂದು ಅವನು ತೀರ್ಮಾನಿಸಿರಬೇಕು. ಪಕ್ಕಕ್ಕೆ ಹಾರುವ ಚೆಂಡಿನ ದೂರ ಅಂದಾಜು ಮಾಡುವುದು ಅಷ್ಟು ಕಷ್ಟವಲ್ಲ. ನೆಟ್ಟಗೆ ತನ್ನ ಮುಖಕ್ಕೇ ಬರುವ ಚೆಂಡೇ ಮೋಸಗಾರ. ಅದು ಮುಂದೆ ಬೀಳುತ್ತದೋ ತಲೆಯ ಮೇಲಿಂದ ಹಾದು ಹೋಗುತ್ತದೋ ಕ್ಷಣಕಾಲ ತಿಳಿಯುವುದೇ ಇಲ್ಲ. ಅಷ್ಟರಲ್ಲಿ ಒಂದು ಹೆಜ್ಜೆ ತಪ್ಪಿಟ್ಟರೆ ಮುಗಿಯಿತು.

ಈ ಜಾಗದಲ್ಲಿ ಕರ್ಟ್ ಫ್ಲಡ್ 226 ಪಂದ್ಯಗಳನ್ನು ಒಂದೇ ಒಂದು ತಪ್ಪಿಲ್ಲದೆ ಆಡಿದರು. 1965ರ ಸೆಪ್ಟೆಂಬರ್‌ನಿಂದ 1967ರ ಜೂನ್‌ವರೆಗೆ ಅವರ ಕಡೆ ಬಂದ 568 ಅವಕಾಶಗಳಲ್ಲಿ ಒಂದೂ ಕೈತಪ್ಪಲಿಲ್ಲ. ನಡುವಿನ 1966ರ ಸೀಸನ್ ಪೂರ್ತಿ ಅವರ ಹೆಸರಿನ ಮುಂದೆ ತಪ್ಪುಗಳ ಸಂಖ್ಯೆ ಸೊನ್ನೆ. ಅತ್ಯುತ್ತಮ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ 1963ರಿಂದ 1969ರವರೆಗೆ ಸತತ ಏಳು ವರ್ಷ ಅವರಿಗೇ ಸಂದಿತು. ಐದಡಿ ಒಂಬತ್ತು ಅಂಗುಲ ಎತ್ತರದ, ಸಪೂರ ಮೈಕಟ್ಟಿನ ಮನುಷ್ಯ. ಚೆಂಡನ್ನು ಸ್ಟ್ಯಾಂಡ್‌ಗೆ ಅಟ್ಟುವ ದೈತ್ಯ ಹೊಡೆತಗಾರರ ಸಾಲಿಗೆ ಸೇರಿದವರಲ್ಲ. ಕಾಲು, ಕಣ್ಣು, ತಾಳ್ಮೆಗಳನ್ನು ನಂಬಿ ಬದುಕಿದ ಕಸುಬುದಾರ.

ಆದರೆ ಇಂದು ಅಮೆರಿಕದಲ್ಲಿ ಅವರ ಹೆಸರು ಹೇಳಿದರೆ ಜನಕ್ಕೆ ಮೊದಲು ನೆನಪಾಗುವುದು ಒಂದು ಮೊಕದ್ದಮೆ. ತಾನು ಯಾರಿಗಾಗಿ ಆಡಬೇಕೆಂದು ಹೇಳುವ ಹಕ್ಕು ಆಟಗಾರನಿಗೇ ಇದೆಯೇ ಎಂಬ ಪ್ರಶ್ನೆಯನ್ನು ಅವರು ಸುಪ್ರೀಂ ಕೋರ್ಟ್‌ವರೆಗೆ ಒಯ್ದರು, ಸೋತರು, ಆ ಸೋಲಿಗಾಗಿ ತಮ್ಮ ಆಟವನ್ನೇ ತೆತ್ತರು. ಈಗ ಕೋಟಿಗಟ್ಟಲೆ ಡಾಲರ್‌ಗೆ ಸಹಿ ಹಾಕುವ ಪ್ರತಿಯೊಬ್ಬ ಬೇಸ್‌ಬಾಲ್ ಆಟಗಾರ ಅವರಿಗೆ ಋಣಿ ಎಂದು ನಾನು ನಂಬಿದ್ದೇನೆ. ಆ ಋಣ ಇನ್ನೂ ಪೂರ್ತಿ ಸಂದಿಲ್ಲ ಎಂದೂ.

ಫ್ಲಡ್ ಹುಟ್ಟಿದ್ದು 1938ರ ಜನವರಿ 18ರಂದು, ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ. ಆರು ಮಕ್ಕಳಲ್ಲಿ ಕಿರಿಯವರು. ಬೆಳೆದದ್ದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನ ಕಪ್ಪು ಜನರ ಕೇರಿಯಲ್ಲಿ. ಅಲ್ಲಿ ಜಾರ್ಜ್ ಪೋಲ್ಸ್ ಎಂಬ ಬಿಳಿಯ ತರಬೇತುದಾರರೊಬ್ಬರು ಬಡ ಹುಡುಗರನ್ನು ಕಲೆಹಾಕಿ ಆಟ ಕಲಿಸುತ್ತಿದ್ದರು. ಅವರ ಕೈಯಲ್ಲಿ ಪಳಗಿದವರಲ್ಲಿ ಫ್ರಾಂಕ್ ರಾಬಿನ್ಸನ್, ವೇಡಾ ಪಿನ್ಸನ್ ಕೂಡ ಇದ್ದರು. ಮೂವರೂ ಮುಂದೆ ಹೆಸರಾಂತ ಔಟ್‌ಫೀಲ್ಡರ್‌ಗಳಾದರು. 1956ರಲ್ಲಿ ಶಾಲೆ ಮುಗಿಯುತ್ತಲೇ ಸಿನ್ಸಿನಾಟಿ ರೆಡ್ಸ್ ತಂಡ ವರ್ಷಕ್ಕೆ 4,000 ಡಾಲರ್‌ಗೆ ಫ್ಲಡ್‌ರನ್ನು ಸೇರಿಸಿಕೊಂಡಿತು.

ಫ್ಲೋರಿಡಾದ ಟ್ಯಾಂಪಾದಲ್ಲಿ ತರಬೇತಿ ಶಿಬಿರ. ಹದಿನೆಂಟರ ಹುಡುಗ ತಂಡ ತಂಗಿದ್ದ ಹೋಟೆಲಿಗೆ ಹೋದರೆ, ಹಿಂಬಾಗಿಲಿನಿಂದ ಕರೆದೊಯ್ದು ಟ್ಯಾಕ್ಸಿ ಹತ್ತಿಸಿ ಊರಿನ ಇನ್ನೊಂದು ಬದಿಗೆ, ಕಪ್ಪು ಆಟಗಾರರಿಗೆಂದೇ ಇದ್ದ ವಸತಿ ಮನೆಗೆ ಕಳಿಸಿಕೊಟ್ಟರು. ಕಪ್ಪು ಆಟಗಾರರನ್ನು ಹೊರಗಿಟ್ಟಿದ್ದ ಬೇಸ್‌ಬಾಲ್‌ನ ವರ್ಣರೇಖೆಯನ್ನು ಜಾಕಿ ರಾಬಿನ್ಸನ್ ದಾಟಿ ಆಗಲೇ ಒಂಬತ್ತು ವರ್ಷ ಕಳೆದಿತ್ತು. ಮೈದಾನದ ಒಳಗಿನ ಗೋಡೆ ಬಿದ್ದಿತ್ತೇ ಹೊರತು ಹೊರಗಿನದು ಹಾಗೇ ನಿಂತಿತ್ತು. ಮುಂದಿನ ಎರಡು ವರ್ಷ ನಾರ್ತ್ ಕೆರೊಲಿನಾ, ಜಾರ್ಜಿಯಾಗಳ ಸಣ್ಣ ಲೀಗ್‌ಗಳಲ್ಲಿ ಆಟ. ಬಸ್ಸು ನಿಂತ ಕಡೆ ಬಿಳಿಯ ಆಟಗಾರರು ಹೋಟೆಲಿನ ಒಳಗೆ ಕುಳಿತು ಉಣ್ಣುತ್ತಿದ್ದರು. ಇವರಿಗೆ ಅಡುಗೆಮನೆಯ ಹಿಂಬಾಗಿಲಲ್ಲಿ ಊಟ.

ಆ ದಿನಗಳ ಒಂದು ಘಟನೆಯನ್ನು ಫ್ಲಡ್ ಮುಂದೆ ನೆನಪಿಸಿಕೊಂಡಿದ್ದಾರೆ. ಒಂದೇ ದಿನ ಎರಡು ಪಂದ್ಯಗಳಿದ್ದವು. ನಡುವಿನ ಬಿಡುವಿನಲ್ಲಿ ಎಲ್ಲರೂ ಬೆವರಿನಲ್ಲಿ ತೊಯ್ದ ಸಮವಸ್ತ್ರ ಕಳಚಿ ಒಗೆತಕ್ಕೆ ರಾಶಿ ಹಾಕಿದರು. ಫ್ಲಡ್ ಕೂಡ ತಮ್ಮದನ್ನು ಅದೇ ರಾಶಿಗೆ ಹಾಕಿದರು. ಬಟ್ಟೆ ನೋಡಿಕೊಳ್ಳುವವನು ಅವರ ಮೇಲೆ ಕೂಗಾಡಿ, ಉದ್ದದ ಕೋಲಿನ ತುದಿಯಿಂದ ಅವರ ಬಟ್ಟೆಯನ್ನು ಮಾತ್ರ ಎತ್ತಿ ಬೇರೆ ಹಾಕಿದ. ಅದು ಊರಿನ ಮತ್ತೊಂದು ತುದಿಯ ಕಪ್ಪು ಜನರ ಲಾಂಡ್ರಿಗೆ ಹೋಗಿ ಒಣಗಿ ಬರುವವರೆಗೆ ಇವರು ಮೈಮೇಲೆ ಬಟ್ಟೆಯಿಲ್ಲದೆ ಕುಳಿತಿರಬೇಕಾಯಿತು. ಮಡಿ, ಮೈಲಿಗೆಗಳ ಚರಿತ್ರೆ ಬಲ್ಲ ನಮ್ಮ ನಾಡಿನ ಓದುಗರಿಗೆ ಆ ಕೋಲಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ದಿನಗಳ ನಡುವೆಯೇ, ಸಣ್ಣ ಲೀಗ್‌ನ ಮೊದಲ ಸೀಸನ್‌ನಲ್ಲಿ, ಫ್ಲಡ್ 29 ಹೋಮ್ ರನ್ ಹೊಡೆದರು, ಬ್ಯಾಟಿಂಗ್ ಸರಾಸರಿ .340.

1957ರ ಡಿಸೆಂಬರ್‌ನಲ್ಲಿ ಸಿನ್ಸಿನಾಟಿ ಅವರನ್ನು ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಕೊಟ್ಟಿತು. ಕೇಳಲಿಲ್ಲ, ಕೊಟ್ಟಿತು. ಇನ್ನೊಮ್ಮೆ ಹೀಗಾಗಲು ಬಿಡುವುದಿಲ್ಲ ಎಂದು ಆ ಹತ್ತೊಂಬತ್ತರ ವಯಸ್ಸಿನಲ್ಲೇ ತನಗೆ ತಾನೇ ಮಾತು ಕೊಟ್ಟುಕೊಂಡಿದ್ದೆ ಎಂದು ಅವರು ಮುಂದೆ ಹೇಳಿದ್ದಾರೆ.

ಹೀಗೆ ಕೊಡಲು, ಕೊಳ್ಳಲು ಸಾಧ್ಯವಾಗಿದ್ದು ರಿಸರ್ವ್ ಕ್ಲಾಜ್ ಎಂಬ ಷರತ್ತಿನಿಂದ. ಅದರ ಮೂಲ 1879ರಷ್ಟು ಹಳೆಯದು. ಆಟಗಾರರು ಹೆಚ್ಚು ಸಂಬಳ ಕೊಡುವ ಕಡೆಗೆ ಜಾರದಂತೆ ತಡೆಯಲು ಕ್ಲಬ್ ಮಾಲೀಕರು ಒಟ್ಟಾಗಿ ಕುಳಿತು, ಪ್ರತಿ ಕ್ಲಬ್ಬೂ ಐವರು ಆಟಗಾರರನ್ನು ತನಗೆಂದು ಕಾಯ್ದಿರಿಸಿಕೊಳ್ಳಬಹುದು, ಅವರನ್ನು ಉಳಿದವರು ಮುಟ್ಟಬಾರದು ಎಂದು ಒಪ್ಪಂದ ಮಾಡಿಕೊಂಡರು. ಬರಬರುತ್ತ ಆ ಐವರ ಪಟ್ಟಿ ಇಡೀ ತಂಡಕ್ಕೆ ಹಬ್ಬಿತು. ಕಾಗದದ ಮೇಲೆ ಆಟಗಾರನ ಕರಾರು ಒಂದೇ ವರ್ಷದ್ದು. ಆದರೆ ಅವನು ಮರುವರ್ಷ ಸಹಿ ಹಾಕದಿದ್ದರೆ ಕ್ಲಬ್ ತಾನಾಗಿಯೇ ಅದನ್ನು ಇನ್ನೊಂದು ವರ್ಷಕ್ಕೆ ನವೀಕರಿಸಬಹುದು ಎಂಬ ಸಾಲು ಅದರಲ್ಲಿತ್ತು. ನವೀಕರಿಸಿದ ಕರಾರಿನಲ್ಲೂ ಅದೇ ಸಾಲು ಇರುತ್ತದೆ, ಆದ್ದರಿಂದ ಅದನ್ನೂ ನವೀಕರಿಸಬಹುದು, ಹೀಗೆ ಕೊನೆಯಿಲ್ಲದೆ ಎಂದು ಮಾಲೀಕರು ಅರ್ಥ ಹಚ್ಚಿದರು. ಕ್ಲಬ್ ಅವನನ್ನು ಮಾರಬಹುದಿತ್ತು, ವಿನಿಮಯ ಮಾಡಬಹುದಿತ್ತು, ಮನೆಗೆ ಕಳಿಸಬಹುದಿತ್ತು. ಅವನಿಗೆ ಉಳಿದ ದಾರಿ ಎರಡು: ಹೇಳಿದ ಕಡೆ ಹೋಗಿ ಆಡುವುದು, ಇಲ್ಲವೇ ಆಟವನ್ನೇ ಬಿಡುವುದು.

ಬೇರೆ ಯಾವ ವ್ಯಾಪಾರದಲ್ಲಾದರೂ ಮಾಲೀಕರು ಹೀಗೆ ಕೈಜೋಡಿಸಿದರೆ ಅಮೆರಿಕದ ಏಕಸ್ವಾಮ್ಯ ವಿರೋಧಿ ಕಾನೂನು ಅಡ್ಡ ಬರುತ್ತಿತ್ತು. ಬೇಸ್‌ಬಾಲ್‌ಗೆ ಬರಲಿಲ್ಲ. 1922ರಲ್ಲಿ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ಬರೆದ ತೀರ್ಪಿನ ಪ್ರಕಾರ ಬೇಸ್‌ಬಾಲ್ ಪಂದ್ಯ ಆಯಾ ರಾಜ್ಯದೊಳಗಿನ ಸಂಗತಿ. ತಂಡಗಳು ರಾಜ್ಯದಿಂದ ರಾಜ್ಯಕ್ಕೆ ಪ್ರಯಾಣಿಸಿದ ಮಾತ್ರಕ್ಕೆ ಅದು ಅಂತರರಾಜ್ಯ ವ್ಯಾಪಾರವಾಗುವುದಿಲ್ಲ. ರೇಡಿಯೊ, ಟೆಲಿವಿಷನ್ ಹಣ ಹರಿದುಬರತೊಡಗಿದ ಮೇಲೂ, 1953ರಲ್ಲಿ ಕೋರ್ಟ್ ಅದೇ ಮಾತಿಗೆ ಅಂಟಿಕೊಂಡಿತು. ವಿಚಿತ್ರವೆಂದರೆ 1955ರಲ್ಲಿ ಬಾಕ್ಸಿಂಗ್, 1957ರಲ್ಲಿ ಅಮೆರಿಕನ್ ಫುಟ್‌ಬಾಲ್ ಇದೇ ರಿಯಾಯಿತಿ ಕೇಳಿದಾಗ ಅದೇ ಕೋರ್ಟ್ ಆಗದು ಎಂದಿತು. ರಿಯಾಯಿತಿ ಉಳಿದದ್ದು ಬೇಸ್‌ಬಾಲ್ ಒಂದಕ್ಕೇ.

ಸೇಂಟ್ ಲೂಯಿಸ್‌ನಲ್ಲಿ ಮೊದಲ ವರ್ಷಗಳು ಕಷ್ಟದವೇ. ಸಾಲಿ ಹೆಮಸ್ ಮ್ಯಾನೇಜರ್ ಆಗಿದ್ದಾಗ ಫ್ಲಡ್‌ಗೂ ಪಿಚರ್ ಬಾಬ್ ಗಿಬ್ಸನ್‌ಗೂ ಸರಿಯಾದ ಜಾಗವೇ ಸಿಗಲಿಲ್ಲ. 1961ರ ಮಧ್ಯದಲ್ಲಿ ಜಾನಿ ಕೀನ್ ಬಂದವರೇ ಇಬ್ಬರನ್ನೂ ಖಾಯಂ ಮಾಡಿದರು. ಅಲ್ಲಿಂದ ಆ ತಂಡದ ಚಹರೆಯೇ ಬದಲಾಯಿತು. ಗಿಬ್ಸನ್, ಫ್ಲಡ್, ಬಿಲ್ ವೈಟ್, ಲೂ ಬ್ರಾಕ್, ಟಿಮ್ ಮೆಕಾರ್ವರ್: ಕಪ್ಪು, ಬಿಳಿ ಆಟಗಾರರು ಮುಚ್ಚುಮರೆಯಿಲ್ಲದೆ ಮಾತಾಡಿ, ಜಗಳಾಡಿ, ಒಟ್ಟಿಗೆ ಉಂಡು ಕಟ್ಟಿದ ತಂಡ ಅದು. 1964ರಲ್ಲಿ ಯಾಂಕೀಸನ್ನು, 1967ರಲ್ಲಿ ಬಾಸ್ಟನ್ ರೆಡ್ ಸಾಕ್ಸನ್ನು ಸೋಲಿಸಿ ಬೇಸ್‌ಬಾಲ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. 1964ರಲ್ಲಿ ಫ್ಲಡ್ 211 ಹಿಟ್‌ಗಳನ್ನು ಗಳಿಸಿದರು. ಹತ್ತಕ್ಕೆ ಮೂರು ಸಲ ಹಿಟ್ ಪಡೆದವನನ್ನು ಉತ್ತಮ ಬ್ಯಾಟರ್ ಎನ್ನುವ ಆಟದಲ್ಲಿ ಆರು ಸೀಸನ್‌ಗಳಲ್ಲಿ ಆ ಮಟ್ಟ ದಾಟಿದರು.

ಮೈದಾನದ ಹೊರಗೆ? 1964ರಲ್ಲೇ, ವರ್ಲ್ಡ್ ಸೀರೀಸ್ ಗೆದ್ದ ಬೆನ್ನಿಗೆ, ಕ್ಯಾಲಿಫೋರ್ನಿಯಾದ ಆಲಮೊ ಎಂಬಲ್ಲಿ ಅವರು ಬಾಡಿಗೆಗೆ ಹಿಡಿದ ಮನೆಗೆ ಕಾಲಿಡದಂತೆ ತಡೆಯಲಾಯಿತು. ಬಂದರೆ ಗುಂಡು ಹಾರಿಸುವ ಬೆದರಿಕೆ ಬಂತು. ಫ್ಲಡ್ ಕೋರ್ಟ್‌ಗೆ ಹೋಗಿ ಆದೇಶ ತಂದು ಆ ಮನೆ ಹೊಕ್ಕರು. ಅದಕ್ಕೂ ಎರಡು ವರ್ಷ ಮೊದಲು, ಜಾಕಿ ರಾಬಿನ್ಸನ್ ಕರೆದರೆಂದು ಮಿಸಿಸಿಪ್ಪಿಯ ಜಾಕ್ಸನ್‌ಗೆ ಹೋಗಿ ನಾಗರಿಕ ಹಕ್ಕುಗಳ ಸಭೆಯಲ್ಲಿ ಮಾತಾಡಿ ಬಂದಿದ್ದರು. ಮುಂದೆ ಅವರು ಹೂಡಿದ ಮೊಕದ್ದಮೆಯನ್ನು ಹಣದಾಸೆಯ ಜಗಳ ಎಂದವರಿಗೆ ಈ ಹಿನ್ನೆಲೆ ಗೊತ್ತಿರಲಿಲ್ಲ, ಇಲ್ಲವೇ ಬೇಕಿರಲಿಲ್ಲ.

1968ರ ಆಗಸ್ಟ್‌ನಲ್ಲಿ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆ ಅವರನ್ನು ಬೇಸ್‌ಬಾಲ್‌ನ ಅತ್ಯುತ್ತಮ ಸೆಂಟರ್ ಫೀಲ್ಡರ್ ಎಂದು ಮುಖಪುಟದಲ್ಲಿ ಹಾಕಿತು. ಎರಡು ತಿಂಗಳೂ ಕಳೆದಿರಲಿಲ್ಲ. ಅಕ್ಟೋಬರ್ 10, ಡೆಟ್ರಾಯ್ಟ್ ಟೈಗರ್ಸ್ ವಿರುದ್ಧ ವರ್ಲ್ಡ್ ಸೀರೀಸ್‌ನ ಏಳನೆಯ, ಕೊನೆಯ ಪಂದ್ಯ. ಏಳನೆಯ ಇನಿಂಗ್ಸ್‌ವರೆಗೆ ಯಾರೂ ರನ್ ಗಳಿಸಿರಲಿಲ್ಲ. ಇಬ್ಬರು ಔಟ್, ಇಬ್ಬರು ಬೇಸ್‌ಗಳ ಮೇಲೆ. ಗಿಬ್ಸನ್ ಎಸೆದದ್ದನ್ನು ಜಿಮ್ ನಾರ್ತ್‌ರಪ್ ನೇರ ಸೆಂಟರ್ ಫೀಲ್ಡ್ ಕಡೆಗೆ ಹೊಡೆದರು. ಮುಖಕ್ಕೇ ಬರುವ ಚೆಂಡು. ಫ್ಲಡ್ ಮೊದಲು ಮುಂದಕ್ಕೆ ಹೆಜ್ಜೆ ಇಟ್ಟರು; ತಪ್ಪು ಅರಿವಾಗಿ ಹಿಂದಕ್ಕೆ ತಿರುಗುವಾಗ ಕಾಲು ಜಾರಿತು. ಚೆಂಡು ತಲೆಯ ಮೇಲಿಂದ ಹಾದುಹೋಯಿತು, ಇಬ್ಬರೂ ಓಡಿ ಬಂದರು, ಸೀರೀಸ್ ಕೈತಪ್ಪಿತು. ಅಧಿಕೃತ ದಾಖಲೆಯಲ್ಲಿ ಅದು ತಪ್ಪಲ್ಲ, ಹಿಟ್. ಫ್ಲಡ್ ಮಾತ್ರ ಹೊಣೆಯನ್ನು ತಾವೇ ಹೊತ್ತರು. ಗಿಬ್ಸನ್ ಒಮ್ಮೆಯೂ ಅವರನ್ನು ದೂರಲಿಲ್ಲ.

ಮರುವರ್ಷ ಫ್ಲಡ್‌ರ ಸಂಬಳ 90 ಸಾವಿರ ಡಾಲರ್ ಆಯಿತು. ಕ್ಲಬ್‌ನ ಒಡೆಯ, ಬಿಯರ್ ಉದ್ಯಮಿ ಆಗಸ್ಟ್ ಬುಷ್, 1969ರ ತರಬೇತಿ ಶಿಬಿರದಲ್ಲಿ ಪತ್ರಕರ್ತರನ್ನು ಎದುರಿಗೆ ಕೂರಿಸಿಕೊಂಡು ಆಟಗಾರರಿಗೆ ದುರಾಸೆಯ ಬಗ್ಗೆ ಪಾಠ ಹೇಳಿದರು. ಬೆಳೆದ ಗಂಡಸರನ್ನು ಹಾಗೆ ಗದರಿದ್ದು ಫ್ಲಡ್‌ಗೆ ಚುಚ್ಚಿತು. ಅದೇ ಅಕ್ಟೋಬರ್‌ನಲ್ಲಿ, ಬೆಳಗಿನ ಜಾವದ ಒಂದು ಫೋನ್ ಕರೆಯಲ್ಲಿ, ಅವರನ್ನೂ ಮೆಕಾರ್ವರ್ ಮತ್ತಿಬ್ಬರನ್ನೂ ಫಿಲಡೆಲ್ಫಿಯಾ ಫಿಲೀಸ್‌ಗೆ ಕೊಡಲಾಗಿದೆ ಎಂದು ತಿಳಿಯಿತು. ಹನ್ನೆರಡು ವರ್ಷ ಆಡಿದ ಊರು, ಅಲ್ಲೇ ನಡೆಸುತ್ತಿದ್ದ ವ್ಯಾಪಾರ, ಸ್ನೇಹಿತರು ಎಲ್ಲ ಅಲ್ಲೇ.

ಅವರು ಮಾರ್ವಿನ್ ಮಿಲ್ಲರ್ ಅವರನ್ನು ಕಂಡರು. ಉಕ್ಕು ಕಾರ್ಮಿಕರ ಸಂಘದಲ್ಲಿ ಅರ್ಥಶಾಸ್ತ್ರಜ್ಞರಾಗಿದ್ದು 1966ರಲ್ಲಿ ಬೇಸ್‌ಬಾಲ್ ಆಟಗಾರರ ಸಂಘದ ಚುಕ್ಕಾಣಿ ಹಿಡಿದವರು ಮಿಲ್ಲರ್. ಅವರು ಫ್ಲಡ್‌ಗೆ ಧೈರ್ಯ ತುಂಬಲಿಲ್ಲ, ಹೆದರಿಸಿದರು: ಗೆಲ್ಲುವ ಸಂಭವ ಕಡಿಮೆ, ಗೆದ್ದರೂ ನಿಮಗೆ ದಕ್ಕುವುದು ಏನೂ ಇಲ್ಲ, ಕೋಚ್ ಕೆಲಸವೂ ಯಾರೂ ಕೊಡಲಾರರು. ಉಳಿದ ಆಟಗಾರರಿಗೆ ಒಳ್ಳೆಯದಾಗುತ್ತದೆಯೇ ಎಂದು ಫ್ಲಡ್ ಕೇಳಿದರು. ಆಗುತ್ತದೆ ಎಂದರು ಮಿಲ್ಲರ್. ಡಿಸೆಂಬರ್‌ನಲ್ಲಿ ಪೋರ್ಟೊ ರಿಕೊದ ಸಾನ್ ಹ್ವಾನ್‌ನಲ್ಲಿ ಸೇರಿದ ತಂಡಗಳ ಪ್ರತಿನಿಧಿಗಳು ಅವರನ್ನು ಒಕ್ಕೊರಲಿನಿಂದ ಬೆಂಬಲಿಸಿದರು. ಡಿಸೆಂಬರ್ 24ರಂದು ಬೇಸ್‌ಬಾಲ್ ಕಮಿಷನರ್ ಬೋವಿ ಕೂನ್ ಅವರಿಗೆ ಫ್ಲಡ್ ಪತ್ರ ಬರೆದರು. ನನ್ನ ಇಚ್ಛೆ ಕೇಳದೆ ಕೊಂಡು ಮಾರಲು ನಾನು ಆಸ್ತಿಯ ತುಣುಕಲ್ಲ, ಬೇರೆ ಕ್ಲಬ್‌ಗಳ ಪ್ರಸ್ತಾಪಗಳನ್ನೂ ನೋಡುವ ಹಕ್ಕು ನನಗಿದೆ ಎಂಬುದು ಅದರ ಸಾರ. ಕೂನ್ ಒಪ್ಪಲಿಲ್ಲ. 1970ರ ಜನವರಿ 16ರಂದು ನ್ಯೂಯಾರ್ಕ್‌ನಲ್ಲಿ ಮೊಕದ್ದಮೆ ದಾಖಲಾಯಿತು.

ವರ್ಷಕ್ಕೆ 90 ಸಾವಿರ ಪಡೆಯುವವನ ಗೋಳೇನು ಎಂದು ಟಿ.ವಿ.ಯಲ್ಲಿ ಕ್ರೀಡಾ ನಿರೂಪಕ ಹೋವರ್ಡ್ ಕೊಸೆಲ್ ಕೇಳಿದಾಗ, ಸಂಬಳ ಎಷ್ಟೇ ಇರಲಿ ಗುಲಾಮ ಗುಲಾಮನೇ ಎಂಬರ್ಥದ ಉತ್ತರ ಕೊಟ್ಟರು ಫ್ಲಡ್. ಅನೇಕ ಬಿಳಿಯ ಅಮೆರಿಕನ್ನರಿಗೆ ಆ ಮಾತು ನುಂಗಲಾಗಲಿಲ್ಲ. ಬೆದರಿಕೆ ಪತ್ರಗಳು ಬಂದವು. ಅದು ಅತಿಶಯೋಕ್ತಿ ಎಂದು ಈಗಲೂ ಹೇಳುವವರಿದ್ದಾರೆ. ಗುಲಾಮಗಿರಿಯ ಕ್ರೌರ್ಯವೇ ಬೇರೆ, ನಿಜ. ಆದರೆ ಫ್ಲಡ್ ಮಾತಾಡುತ್ತಿದ್ದುದು ಹಣದ ಬಗ್ಗೆ ಅಲ್ಲ, ಒಬ್ಬ ಮನುಷ್ಯನ ಹೆಸರು ಇನ್ನೊಬ್ಬನ ಆಸ್ತಿಪಟ್ಟಿಯಲ್ಲಿ ಇರುವುದರ ಬಗ್ಗೆ. ಅವರ ದಾವೆಯಲ್ಲಿ ಗುಲಾಮಗಿರಿಯನ್ನು ನಿಷೇಧಿಸಿದ ಸಂವಿಧಾನದ 13ನೇ ತಿದ್ದುಪಡಿಯ ಉಲ್ಲೇಖವೂ ಇತ್ತು.

1970ರ ಬೇಸಿಗೆಯ ವಿಚಾರಣೆಯಲ್ಲಿ ಮಧುಮೇಹದಿಂದ ಕಣ್ಣು ಮಂಜಾಗಿದ್ದ ಜಾಕಿ ರಾಬಿನ್ಸನ್ ಬಂದು ಫ್ಲಡ್ ಪರ ಸಾಕ್ಷಿ ಹೇಳಿದರು. 1956ರ ಕೊನೆಯಲ್ಲಿ ತಮ್ಮನ್ನೂ ಹೀಗೇ ಇನ್ನೊಂದು ತಂಡಕ್ಕೆ ಕೊಟ್ಟಾಗ ಹೋಗದೆ ಆಟ ಬಿಟ್ಟವರು ಅವರು. ಹಳೆಯ ತಾರೆ ಹ್ಯಾಂಕ್ ಗ್ರೀನ್‌ಬರ್ಗ್ ಬಂದರು. ಕ್ಲಬ್ ಒಡೆಯರಾಗಿದ್ದ ಬಿಲ್ ವೆಕ್ ಕೂಡ ಬಂದರು. ಆಗ ಆಡುತ್ತಿದ್ದ ಒಬ್ಬ ಆಟಗಾರನೂ ಬರಲಿಲ್ಲ, ಪ್ರೇಕ್ಷಕರ ಬೆಂಚಿನಲ್ಲಿ ಕೂರಲು ಸಹ. ಅವರ ಭಯ ನನಗೆ ಅರ್ಥವಾಗುತ್ತದೆ. ಒಪ್ಪಿಕೊಳ್ಳಲು ಮಾತ್ರ ಆಗುವುದಿಲ್ಲ.

ಕೆಳಗಿನ ಎರಡು ಕೋರ್ಟ್‌ಗಳಲ್ಲೂ ಸೋಲಾಯಿತು. ಸುಪ್ರೀಂ ಕೋರ್ಟ್‌ನಲ್ಲಿ ವಾದಿಸಿದವರು ಅದೇ ಕೋರ್ಟಿನ ಮಾಜಿ ನ್ಯಾಯಮೂರ್ತಿ ಆರ್ಥರ್ ಗೋಲ್ಡ್‌ಬರ್ಗ್. ಅಂದಿನ ಅವರ ವಾದ ತೀರಾ ಸಪ್ಪೆಯಾಗಿತ್ತೆಂದು ಬಲ್ಲವರೆಲ್ಲ ಬರೆದಿದ್ದಾರೆ. 1972ರ ಜೂನ್ 19ರಂದು 5–3 ಬಹುಮತದ ತೀರ್ಪು ಬಂತು. ಬಹುಮತದ ತೀರ್ಪು ಬರೆದ ಹ್ಯಾರಿ ಬ್ಲ್ಯಾಕ್‌ಮನ್ ಆರಂಭದಲ್ಲಿ ಬೇಸ್‌ಬಾಲ್‌ನ ಚರಿತ್ರೆಯನ್ನು ಕೊಂಡಾಡಿ, 80ಕ್ಕೂ ಹೆಚ್ಚು ಹಳೆಯ ಆಟಗಾರರ ಹೆಸರು ಪಟ್ಟಿ ಮಾಡಿದರು. ಆಮೇಲೆ ಬೇಸ್‌ಬಾಲ್ ಅಂತರರಾಜ್ಯ ವ್ಯಾಪಾರವೇ ಹೌದು, ಅದಕ್ಕೊಂದಕ್ಕೇ ಇರುವ ರಿಯಾಯಿತಿ ಅಸಂಗತವೇ ಹೌದು ಎಂದು ಒಪ್ಪಿಕೊಂಡರು. ಇಷ್ಟೆಲ್ಲ ಒಪ್ಪಿಯೂ, ಐವತ್ತು ವರ್ಷದ ಹಳೆಯ ತೀರ್ಪನ್ನು ತಿದ್ದುವುದು ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಕೆಲಸ, ನಮ್ಮದಲ್ಲ ಎಂದು ಕೈತೊಳೆದುಕೊಂಡರು. ತಪ್ಪು ಎಂದು ಗೊತ್ತಿದ್ದೂ ಅದನ್ನು ಎತ್ತಿಹಿಡಿದ ಈ ತೀರ್ಪು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ. 1953ರಲ್ಲಿ ಬಹುಮತದ ಜೊತೆಗಿದ್ದ ವಿಲಿಯಂ ಡಗ್ಲಸ್ ಈ ಸಲ ಭಿನ್ನ ತೀರ್ಪು ಬರೆದು, ಹಿಂದಿನ ತಮ್ಮ ಮತದ ಬಗ್ಗೆ ವಿಷಾದ ದಾಖಲಿಸಿದರು. ತರ್ಗುಡ್ ಮಾರ್ಷಲ್ ಕೂಡ ಬಹುಮತವನ್ನು ಒಪ್ಪದೆ ಬೇರೆಯಾಗಿ ಬರೆದರು. ಒಂಬತ್ತನೆಯವರಾದ ಲೂಯಿಸ್ ಪವೆಲ್ ಭಾಗವಹಿಸಲಿಲ್ಲ, ಬುಷ್‌ರ ಬಿಯರ್ ಕಂಪನಿಯ ಷೇರು ಅವರ ಬಳಿ ಇದ್ದವು.

ತೀರ್ಪು ಬರುವ ಹೊತ್ತಿಗೆ ಫ್ಲಡ್ ಆಟದಲ್ಲೇ ಇರಲಿಲ್ಲ. 1970ರ ಸೀಸನ್ ಪೂರ್ತಿ ಹೊರಗುಳಿದು, ಸ್ವಲ್ಪ ಕಾಲ ಡೆನ್ಮಾರ್ಕ್‌ನಲ್ಲಿದ್ದು, 1971ರಲ್ಲಿ 1,10,000 ಡಾಲರ್‌ಗೆ ವಾಷಿಂಗ್ಟನ್ ಸೆನೇಟರ್ಸ್ ತಂಡ ಸೇರಿದರು. ಕಾಲಿನ ವೇಗ ಹೋಗಿತ್ತು, ಮನಸ್ಸು ದಣಿದಿತ್ತು. 13 ಪಂದ್ಯ, 35 ಅವಕಾಶಗಳಲ್ಲಿ 7 ಹಿಟ್. ಏಪ್ರಿಲ್ ಮುಗಿಯುವ ಮೊದಲೇ ಮಾಲೀಕರಿಗೆ ತಂತಿ ಕಳಿಸಿ ವಿಮಾನ ಹತ್ತಿಬಿಟ್ಟರು. ಆಗ ಅವರಿಗೆ ಮೂವತ್ತಮೂರು. ಸ್ಪೇನ್‌ನ ಮಯೋರ್ಕಾ ದ್ವೀಪದಲ್ಲಿ ಬಾರ್ ನಡೆಸಿದರು, ಕುಡಿತಕ್ಕೆ ಬಿದ್ದರು, ಸಾಲದಲ್ಲಿ ಮುಳುಗಿದರು. ಎಪ್ಪತ್ತರ ದಶಕದ ಮಧ್ಯದಲ್ಲಿ ಓಕ್‌ಲ್ಯಾಂಡ್‌ಗೆ ಮರಳಿದ ಮೇಲೆ ಕೆಲಕಾಲ ವೀಕ್ಷಕ ವಿವರಣೆ ಕೊಟ್ಟರು, ಊರಿನ ಮಕ್ಕಳ ಬೇಸ್‌ಬಾಲ್ ನೋಡಿಕೊಂಡರು, ನಿಧಾನವಾಗಿ ಕುಡಿತದಿಂದ ಹೊರಬಂದರು. 1986ರಲ್ಲಿ ನಟಿ ಜೂಡಿ ಪೇಸ್ ಅವರನ್ನು ಮದುವೆಯಾದರು. 1997ರ ಜನವರಿ 20ರಂದು, ಗಂಟಲಿನ ಕ್ಯಾನ್ಸರ್‌ನಿಂದ ನರಳಿ ತೀರಿಕೊಂಡಾಗ 59 ತುಂಬಿ ಎರಡೇ ದಿನವಾಗಿತ್ತು.

ಹಾಗಾದರೆ ಸೋತ ಮೊಕದ್ದಮೆಯಿಂದ ಆಟಗಾರರಿಗೆ ಬಿಡುಗಡೆ ಸಿಕ್ಕಿದ್ದು ಹೇಗೆ? ರಿಸರ್ವ್ ಕ್ಲಾಜ್ ಕೋರ್ಟ್ ಬಗೆಹರಿಸುವ ವಿಷಯವಲ್ಲ, ಸಂಘ ಮತ್ತು ಮಾಲೀಕರು ಕುಳಿತು ಮಾತಾಡಬೇಕಾದದ್ದು ಎಂದು ಮಾಲೀಕರ ವಕೀಲರೇ ವಾದಿಸಿದ್ದರು. ಗೆಲ್ಲಲು ಆಡಿದ ಆ ಮಾತು ಅವರನ್ನೇ ಕಟ್ಟಿಹಾಕಿತು. ಮೊಕದ್ದಮೆ ನಡೆಯುತ್ತಿದ್ದ 1970ರಲ್ಲೇ ಆಟಗಾರರ ಸಂಘ, ಕರಾರಿನ ತಕರಾರುಗಳನ್ನು ಕಮಿಷನರ್ ಬದಲು ಸ್ವತಂತ್ರ ಮಧ್ಯಸ್ಥಗಾರನ ಮುಂದೆ ಇಡುವ ಹಕ್ಕನ್ನು ಪಡೆದುಕೊಂಡಿತು. 1973ರಲ್ಲಿ, ಹತ್ತು ವರ್ಷ ಆಡಿದ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದ ಆಟಗಾರನನ್ನು ಅವನ ಒಪ್ಪಿಗೆಯಿಲ್ಲದೆ ಸಾಗಹಾಕುವಂತಿಲ್ಲ ಎಂಬ ನಿಯಮ ಬಂತು. ಜನ ಅದನ್ನು ಕರ್ಟ್ ಫ್ಲಡ್ ನಿಯಮ ಎಂದೇ ಕರೆಯುತ್ತಾರೆ. ನಾಲ್ಕು ವರ್ಷ ಮೊದಲೇ ಬಂದಿದ್ದರೆ ಫ್ಲಡ್ ಫಿಲಡೆಲ್ಫಿಯಾಕ್ಕೆ ಹೋಗಲಾರೆ ಎನ್ನುವುದಷ್ಟೇ ಸಾಕಿತ್ತು.

1975ರಲ್ಲಿ ಆಂಡಿ ಮೆಸ್ಸರ್‌ಸ್ಮಿತ್, ಡೇವ್ ಮೆಕ್‌ನಾಲಿ ಎಂಬ ಇಬ್ಬರು ಪಿಚರ್‌ಗಳು ಕರಾರಿಗೆ ಸಹಿ ಹಾಕದೆ ಇದ್ದು, ವರ್ಷ ಮುಗಿಯಿತು, ಈಗ ನಾವು ಸ್ವತಂತ್ರರು ಎಂದರು. ಮಧ್ಯಸ್ಥಗಾರ ಪೀಟರ್ ಸೈಟ್ಜ್ ಕರಾರಿನ ಸಾಲನ್ನು ಇದ್ದಂತೆಯೇ ಓದಿದರು: ಒಂದು ವರ್ಷ ಎಂದರೆ ಒಂದೇ ವರ್ಷ. ಡಿಸೆಂಬರ್ 23ರಂದು ಬಂದ ಈ ನಿರ್ಣಯ ಹಳೆಯ ಏರ್ಪಾಟನ್ನು ಕೆಡವಿತು. ಮಾಲೀಕರು ಸೈಟ್ಜ್‌ರನ್ನು ತಕ್ಷಣ ವಜಾ ಮಾಡಿದರು, ಕೋರ್ಟ್‌ಗೆ ಹೋದರು, ಸೋತರು. 1976ರ ಒಪ್ಪಂದದಿಂದ ಆರು ವರ್ಷ ಆಡಿದವನು ತನಗೆ ಬೇಕಾದ ತಂಡ ಸೇರಬಹುದಾಯಿತು. 1970ರಲ್ಲಿ ಸುಮಾರು 29 ಸಾವಿರ ಡಾಲರ್ ಇದ್ದ ಸರಾಸರಿ ಸಂಬಳ 1980ಕ್ಕೆ 1 ಲಕ್ಷ 43 ಸಾವಿರ ದಾಟಿತು. 2022ರಲ್ಲಿ ಹ್ವಾನ್ ಸೋಟೊ ಎಂಬ ಔಟ್‌ಫೀಲ್ಡರ್ ತಮ್ಮ ಕ್ಲಬ್ ಮುಂದಿಟ್ಟ 44 ಕೋಟಿ ಡಾಲರ್‌ಗಳ ಕರಾರನ್ನು ಬೇಡವೆಂದರು. ಆ ಬಳಿಕ ಎರಡು ಸಲ ಅವರನ್ನೂ ತಂಡದಿಂದ ತಂಡಕ್ಕೆ ಕೊಡಲಾಯಿತು, ಆದರೆ ಆರು ವರ್ಷ ತುಂಬಿದ ಮೇಲೆ ಆಯ್ಕೆ ಅವರದಾಗಿತ್ತು. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ಜೊತೆ 15 ವರ್ಷಕ್ಕೆ 76.5 ಕೋಟಿ ಡಾಲರ್‌ಗೆ ಸಹಿ ಹಾಕಿದರು.

ಫ್ಲಡ್ ಇನ್ನೂ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ನಲ್ಲಿಲ್ಲ. ವೃತ್ತಿಜೀವನದ ಸರಾಸರಿ .293, 1,861 ಹಿಟ್, ಅಲ್ಲಿಗೆ ಇವು ಸಾಲವು ಎನ್ನುವವರ ಲೆಕ್ಕ ನನಗೆ ಗೊತ್ತು. ಆ ಅಂಕಿಗಳು ಹೆಚ್ಚುಕಡಿಮೆ ಮೂವತ್ತೊಂದರ ವಯಸ್ಸಿಗೇ ನಿಂತದ್ದು ಏಕೆ ಎಂಬುದನ್ನು ಆ ಲೆಕ್ಕ ಕೇಳುವುದಿಲ್ಲ. ಮಾರ್ವಿನ್ ಮಿಲ್ಲರ್‌ಗೂ ಆ ಗೌರವ ಸಂದದ್ದು ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ.

ಕಾಂಗ್ರೆಸ್ ಕೊನೆಗೂ ಕೈ ಹಾಕಿದ್ದು ಫ್ಲಡ್ ಸತ್ತ ಮರುವರ್ಷ. 1998ರ ಅಕ್ಟೋಬರ್ 27ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಕರ್ಟ್ ಫ್ಲಡ್ ಕಾಯಿದೆಗೆ ಸಹಿ ಹಾಕಿದರು. ಮೇಜರ್ ಲೀಗ್ ಆಟಗಾರರ ಉದ್ಯೋಗದ ಮಟ್ಟಿಗೆ ಬೇಸ್‌ಬಾಲ್ ಕೂಡ ಏಕಸ್ವಾಮ್ಯ ವಿರೋಧಿ ಕಾನೂನಿನಡಿ ಬಂತು. ಉಳಿದ ವಿಷಯಗಳಲ್ಲಿ 1922ರ ರಿಯಾಯಿತಿಯನ್ನು ಆ ಕಾಯಿದೆ ಮುಟ್ಟಲಿಲ್ಲ. ಸಣ್ಣ ಲೀಗ್‌ಗಳ ಆಟಗಾರರನ್ನಂತೂ ಹೆಸರಿಸಿಯೇ ಹೊರಗಿಟ್ಟಿತು. ಅವರು ಸಂಘ ಕಟ್ಟಿಕೊಂಡದ್ದು 2022ರಲ್ಲಿ, ಮೊದಲ ಒಪ್ಪಂದ ಪಡೆದದ್ದು 2023ರಲ್ಲಿ. ಕೆರೊಲಿನಾ, ಜಾರ್ಜಿಯಾಗಳಲ್ಲಿ ಫ್ಲಡ್ ಆಡಿದ್ದು ಅಂಥ ಲೀಗ್‌ಗಳಲ್ಲೇ. ಅವರ ಹೆಸರಿನ ಕಾಯಿದೆಯ ರಕ್ಷಣೆ ಅಲ್ಲಿನ ಹುಡುಗರಿಗೆ ಇಂದಿಗೂ ಇಲ್ಲ.